ಜಗತ್ತಿಗೆ ನಾಯಕನಿಲ್ಲದಿದ್ದರೆ ನಮಗೇನು?

"ಜಗತ್ತಿಗೆ ಈಗ ನಾಯಕನೇ ಇಲ್ಲ ಅಂತಾರಲ್ಲ, ಅದರಿಂದ ನಮ್ಮಂಥವರಿಗೆ ಏನಾಗುತ್ತದೆ?" ಅಂತ ಕೇಳಿದ್ದೀರಿ. ಯುದ್ಧ, ವಿಟೋ ಎಲ್ಲ ಟಿವಿಯಲ್ಲಿ ದಿನಾ ಬರುತ್ತದೆ, ಬಿಡಿ. ನಾನು ಜಿನೀವಾದ ಒಂದು ಖಾಲಿ ಪೀಠದ ಬಗ್ಗೆ ಹೇಳುತ್ತೇನೆ. ಅದಕ್ಕೂ ಬೆಳಗಾವಿ, ಮಂಡ್ಯದ ಕಬ್ಬಿಗೂ ನಂಟಿದೆ.

1995ರಲ್ಲಿ ಜಿನೀವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಶುರುವಾದಾಗ ದೇಶಗಳ ವ್ಯಾಪಾರದ ಜಗಳಕ್ಕೆ ಒಂದು ಮೇಲ್ಮನವಿ ಪೀಠವನ್ನೂ ಇಟ್ಟರು. ಏಳು ಸದಸ್ಯರು. ಒಂದು ಕೇಸು ಕೇಳಲು ಮೂವರು ಬೇಕು. ಹೊಸಬರ ನೇಮಕಕ್ಕೆ ಎಲ್ಲ ದೇಶಗಳೂ ಒಪ್ಪಬೇಕು, ಒಬ್ಬರು ಬೇಡ ಅಂದರೂ ಮುಗಿಯಿತು. ಬೇಡ ಅಂದದ್ದು ಅಮೆರಿಕ. ಪೀಠ ತನ್ನ ಅಧಿಕಾರ ಮೀರುತ್ತಿದೆ ಅನ್ನುವುದು ಅದರ ದೂರು. ಇದು ಟ್ರಂಪ್ ಒಬ್ಬರದ್ದೇ ಕಿತಾಪತಿ ಅಂದುಕೊಳ್ಳಬೇಡಿ. 2016ರಲ್ಲಿ ಒಬಾಮಾ ಕಾಲದಲ್ಲೇ ದಕ್ಷಿಣ ಕೊರಿಯಾದ ಸದಸ್ಯರೊಬ್ಬರ ಮರುನೇಮಕ ತಡೆದಿದ್ದರು. ಬೈಡನ್ ಕೂಡ ಪಟ್ಟು ಸಡಿಲಿಸಲಿಲ್ಲ. 2019ರ ಡಿಸೆಂಬರ್‌ನಲ್ಲಿ ಉಳಿದದ್ದು ಒಬ್ಬರೇ. 2020ರ ನವೆಂಬರ್‌ಗೆ ಅವರ ಅವಧಿಯೂ ಮುಗಿಯಿತು. ಆಮೇಲೆ ಸಭೆ ಸಭೆಯಲ್ಲೂ ನೂರಕ್ಕೂ ಜಾಸ್ತಿ ದೇಶಗಳ ಪರವಾಗಿ ಒಬ್ಬರು "ನೇಮಕ ಶುರು ಮಾಡೋಣ" ಅನ್ನುವುದು, ಅಮೆರಿಕ "ಆಗಲ್ಲ" ಅನ್ನುವುದು. ವರ್ಷಗಟ್ಟಲೆ ಇದೇ ನಡೆದಿದೆ.

ಈಗ ಕಬ್ಬಿಗೆ ಬರೋಣ. ನಮ್ಮ ಎಫ್‌ಆರ್‌ಪಿ (ಕಬ್ಬಿಗೆ ಕೇಂದ್ರ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) ವಿಶ್ವ ವ್ಯಾಪಾರ ಸಂಸ್ಥೆಯ ಮಿತಿ ಮೀರಿದೆ, ಸಕ್ಕರೆ ರಫ್ತಿಗೂ ಸಬ್ಸಿಡಿ ಕೊಡುತ್ತೀರಿ ಅಂತ ಆಸ್ಟ್ರೇಲಿಯಾ, ಬ್ರೆಜಿಲ್, ಗ್ವಾಟೆಮಾಲಾ ಭಾರತದ ಮೇಲೆ ಕೇಸು ಹಾಕಿದವು. 2021ರ ಡಿಸೆಂಬರ್‌ನಲ್ಲಿ ನಾವು ಸೋತೆವು. ತಕ್ಷಣ ಮೇಲ್ಮನವಿ ಹಾಕಿದೆವು, ಕೇಳಲು ಒಬ್ಬರೂ ಇಲ್ಲದ ಪೀಠಕ್ಕೆ! ಮೇಲ್ಮನವಿ ಬಾಕಿ ಇದ್ದರೆ ತೀರ್ಪು ಜಾರಿಯಾಗುವುದಿಲ್ಲ. ಜಾಣತನವೇ, ಅಲ್ವಾ? ಇಂಡೋನೇಷ್ಯಾ ಕೂಡ ನಿಕ್ಕಲ್ ಅದಿರಿನ ರಫ್ತು ನಿಷೇಧದ ಕೇಸಿನಲ್ಲಿ ಸೋತಾಗ ಇದನ್ನೇ ಮಾಡಿತು.

ನಾಯಕ ಇಲ್ಲ ಅಂದರೆ ನನ್ನ ಮಟ್ಟಿಗೆ ಇದೇ. ದೊಡ್ಡವನು ಕೈಬಿಟ್ಟ, ಉಳಿದವರು ನಮ್ಮ ಕೆಲಸ ಆಯ್ತಲ್ಲ ಅಂತ ಸುಮ್ನೆ ಕೂತರು. ಆದರೆ 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಹಲವು ಸರಕುಗಳ ಮೇಲೆ ಶೇ 50ರಷ್ಟು ಸುಂಕ ಹಾಕಿತು ನೋಡಿ. ನಾವು ಜಿನೀವಾದಲ್ಲಿ ಕೇಸು ಹಾಕಿ ಗೆದ್ದರೂ ಅವರೂ ಅದೇ ಖಾಲಿ ಪೀಠಕ್ಕೆ ಮೇಲ್ಮನವಿ ಬರೆದು ಕೂರಬಹುದಿತ್ತು.

ಯುರೋಪ್, ಚೀನಾ ಮತ್ತು ಕೆಲವು ದೇಶಗಳು 2020ರಲ್ಲೇ ತಮ್ಮೊಳಗೆ ಒಂದು ತಾತ್ಕಾಲಿಕ ಮೇಲ್ಮನವಿ ವ್ಯವಸ್ಥೆ ಮಾಡಿಕೊಂಡವು. ಕಬ್ಬಿನ ಕೇಸು ಹಾಕಿದ ಮೂರೂ ದೇಶಗಳು ಅದರಲ್ಲಿವೆ. ಭಾರತವೂ ಸೇರಬೇಕು ಅಂತ ನನ್ನ ಅಭಿಪ್ರಾಯ. ಆದರೆ ಸೇರಿದರೆ ಎಫ್‌ಆರ್‌ಪಿ ವಿಷಯ ಮತ್ತೆ ಮೇಲೆದ್ದೀತು. ಆ ತಲೆನೋವು ದೆಹಲಿಯಲ್ಲಿ ಯಾವ ಸರ್ಕಾರಕ್ಕೆ ಬೇಕು ಹೇಳಿ?