ಹಂಚು ಬಿಡಿ, ಅವ್ವನನ್ನು ಕರೆಸಿ

ಜಮಖಂಡಿಯಿಂದ ಮ್ಯಾಂಚೆಸ್ಟರ್‌ಗೆ ಹೊರಟಿದ್ದೀರಿ. ರೊಟ್ಟಿ ಹಂಚು ತರಬೇಕಾ, ಹಬ್ಬ ಹುಣ್ಣಿಮೆ ಅಲ್ಲಿ ನಡೆಯುತ್ತಾ, ಹುಟ್ಟೋ ಕೂಸಿಗೆ ಕನ್ನಡ ಬರುತ್ತಾ ಅಂತ ಕೇಳಿದ್ದೀರಿ. ನಾನು ಬಾಗಲಕೋಟೆಯವಳು, ಇಲ್ಲಿಗೆ ಬಂದು 14 ವರ್ಷ ಆಯ್ತು.

ಹಂಚು ಬೇಡ, ಸುಮ್ನೆ ಭಾರ. ಜೋಳದ ಹಿಟ್ಟು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಳೇದಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಸೀಳುತ್ತದೆ. ಎಸರು ಚೆನ್ನಾಗಿ ಕುದಿಸಿ ಹಾಕಿ, ಮೊದಮೊದಲು ಅಂಗೈಯಗಲ ಮಾಡಿದರೂ ಸಾಕು. ಬೆಳಗಾವಿ ಕುಂದಾ ಮಾತ್ರ ಕಟ್ಟಿಕೊಂಡು ಬರಬೇಡಿ. ಭಾರತದಿಂದ ಹಾಲಿನ ಪದಾರ್ಥ ಇಲ್ಲಿಗೆ ತರುವಂತಿಲ್ಲ. ನನ್ನ ಒಂದು ಕಿಲೋ ಕುಂದಾ ವಿಮಾನ ನಿಲ್ದಾಣದ ಕಸದ ಡಬ್ಬಿ ಸೇರಿತು, ಆ ಸಂಕಟ ಇನ್ನೂ ಇದೆ.

ಸಾಮಾನು ಬಿಡಿ, ಅವ್ವನನ್ನು ಕರೆಸಿ. ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ 6 ತಿಂಗಳವರೆಗೆ ಇರಬಹುದು. ನನ್ನ ಬಾಣಂತನಕ್ಕೆ ನಮ್ಮವ್ವ ಬಂದಾಗ ಬ್ಯಾಗಿನ ತುಂಬ ಅಳವಿ, ಅಂಟು, ಒಣಕೊಬ್ಬರಿ. ಕೂಸಿಗೆ ಎರೆದ ಮೇಲೆ ಲೋಬಾನ ಹಾಕಲೇಬೇಕು ಅಂತ ಹಟ ಹಿಡಿದಳು. ಹಳೇ ಹೂಕುಂಡದಲ್ಲಿ ಎರಡು ಕೆಂಡ ಇಟ್ಟು ಚಿಟಿಕೆ ಉದುರಿಸಿದ್ದೇ ತಡ, ಸ್ಮೋಕ್ ಅಲಾರಂ ಬಾಯಿ ಬಡಿದುಕೊಳ್ಳೋಕೆ ಶುರು. ನಮ್ಮವರು ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾರೆ, ಅವ್ವ ಕುಂಡ ಎತ್ತಿಕೊಂಡು ಹಿತ್ತಲಿಗೆ ಓಡುತ್ತಿದ್ದಾಳೆ, ಕೂಸು ಮಾತ್ರ ನಿದ್ದೆ. ಮರುದಿನದಿಂದ ಅವಳೇ ದಾರಿ ಕಂಡುಕೊಂಡಳು. ಕುಂಚಿಗೆಯನ್ನು ಹಿತ್ತಲಲ್ಲೇ ಹೊಗೆಗೆ ಹಿಡಿದು, ಬೆಚ್ಚಗಿರುವಾಗಲೇ ತಂದು ಕೂಸಿಗೆ ಕಟ್ಟುತ್ತಿದ್ದಳು.

ಕನ್ನಡ ಕ್ಲಾಸಿನಿಂದ ಅಕ್ಷರ ಬರುತ್ತದೆ, ಮಾತು ಬರೋದು ಜಗಳದಿಂದ. ಎರಡನೇ ಸಲ ಅವ್ವ ಬಂದಾಗ ಮಗನಿಗೆ ಮೂರು ವರ್ಷ. ಟಿವಿ ರಿಮೋಟಿಗೆ ಇಬ್ಬರದೂ ದಿನಾ ಕಿತ್ತಾಟ. ಒಂದು ಸಂಜೆ ಅವನು "ಕೊಡ ಬೇ ಯವ್ವಾ!" ಅಂತ ಕೂಗಿದ, ಅಡುಗೆಮನೆಯಲ್ಲಿ ನಾನು ಸೌಟು ಹಿಡಿದು ನಿಂತುಬಿಟ್ಟೆ. ನಾನು ಅದನ್ನು ಹೇಳಿಕೊಟ್ಟಿರಲೇ ಇಲ್ಲ.

ಹಬ್ಬಗಳು ಹೇಗೋ ನಡೆಯುತ್ತವೆ. ಪಂಚಮಿ ಬಹುತೇಕ ಶಾಲೆ ರಜೆಯಲ್ಲೇ ಬರುತ್ತದೆ, ಶೇಂಗಾ ಉಂಡಿ ಕಟ್ಟಿಕೊಂಡು ಪಾರ್ಕಿನ ಜೋಕಾಲಿಗೆ ಹೋಗುತ್ತೇವೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ, ಅಂದರೆ ಎಡೆ, ಚೆಲ್ಲುವ ಎಳ್ಳ ಅಮಾವಾಸ್ಯೆಯೇ ಕಷ್ಟ. ಡಿಸೆಂಬರಿನಲ್ಲಿ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಹೊಲ ಎಲ್ಲಿಂದ ತರೋದು? ಹಿತ್ತಲಲ್ಲೇ ನಾಲ್ಕೂ ಮೂಲೆಗೆ ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ, ಕಡಬು ಕಲಸಿ ಚರಗ ಚೆಲ್ಲುತ್ತೇವೆ. ಪಕ್ಕದ ಮನೆ ಅಜ್ಜಿ ಬೇಲಿ ಮೇಲಿಂದ ಇಣುಕಿ, ಹಕ್ಕಿಗಳಿಗಾ ಅಂತ ಕೇಳಿದಳು. ಭೂಮಿತಾಯಿ ಬಸುರಿ, ಸೀಮಂತ ಅಂತೆಲ್ಲ ಆ ಚಳಿಯಲ್ಲಿ ಹೇಗೆ ಬಿಡಿಸಿ ಹೇಳೋದು, ಹೌದು ಅಂದೆ. ಮರುವರ್ಷ ಅವಳೇ ಒಂದು ಚೀಲ ಕಾಳು ತಂದುಕೊಟ್ಟಳು!

ಹೆರಿಗೆ ಯಾವ ತಿಂಗಳು? ಚಳಿಗಾಲವಾದರೆ ಅವ್ವನಿಗೆ ಕಾಲುಚೀಲ ಜಾಸ್ತಿ ತರೋಕೆ ಹೇಳಿ. ಇಳಕಲ್ ಸೀರೆಯೊಳಗೆ ಥರ್ಮಲ್ ಹಾಕಿಕೊಳ್ಳೋದನ್ನ ನಮ್ಮವ್ವ ಫೋನಿನಲ್ಲಿ ಕಲಿಸುತ್ತಾಳೆ.