ಅಪ್ಪನ ಕೊಲೆಸ್ಟ್ರಾಲ್ ನಾರ್ಮಲ್ ಇದೆ, ಆದರೂ ಹೃದಯದ ವಾಲ್ವ್ ಗಟ್ಟಿಯಾಗಿದೆ ಅಂತಾರೆ. ಯಾಕೆ?

ನಿಮ್ಮ ತಂದೆಗೆ 66 ವರ್ಷ. ಎಕೋದಲ್ಲಿ ಅಯೋರ್ಟಿಕ್ ವಾಲ್ವ್‌ಗೆ (ಹೃದಯದಿಂದ ದೇಹಕ್ಕೆ ರಕ್ತ ಹೊರಡುವ ಬಾಗಿಲು) ಕ್ಯಾಲ್ಸಿಯಂ ಕಟ್ಟಿದೆ ಎಂದು ಬಂದಿದೆ, ಲಿಪಿಡ್ ಪ್ರೊಫೈಲ್ ಮಾತ್ರ ಚೆನ್ನಾಗಿದೆ. ಹಾಗಾದರೆ ರಕ್ತದ ಕೊಬ್ಬಿಗೂ ವಾಲ್ವ್‌ಗೂ ಸಂಬಂಧ ಇಲ್ವಾ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಇದು ಸರಿಹೋಗುತ್ತಾ ಎಂದು ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಬಯೋಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ನಮ್ಮ ಅಮ್ಮನಿಗೂ ಇದೇ ಕಾಯಿಲೆ ಬಂದಿತ್ತು. ಆಗ ಓದಿ, ಕೇಳಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮೊದಲು ಒಂದು ಮಾತು. ನಮ್ಮ ಕಡೆ ವಾಲ್ವ್ ಕಾಯಿಲೆ ಅಂದ ಕೂಡಲೇ ಚಿಕ್ಕಂದಿನಲ್ಲಿ ಬರುವ ರುಮ್ಯಾಟಿಕ್ ಜ್ವರ ನೆನಪಿಗೆ ಬರುತ್ತದೆ. ಅದು ಗಂಟಲ ಸೋಂಕಿನಿಂದ ಶುರುವಾಗಿ ಹೆಚ್ಚಾಗಿ ಮೈಟ್ರಲ್ ವಾಲ್ವ್ ಕೆಡಿಸುವ ಕಾಯಿಲೆ. ನಿಮ್ಮ ತಂದೆಯದು ಬೇರೆ.

ಬೋರ್‌ವೆಲ್ ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೇ ಇದೂ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ವಯಸ್ಸಾಯಿತು, ಸವೆಯಿತು, ಸುಣ್ಣ ಕಟ್ಟಿತು, ಅಷ್ಟೇ ಅಂತ. ವೈದ್ಯರೂ ಬಹಳ ಕಾಲ ಹಾಗೇ ನಂಬಿದ್ದರು. ಆದರೆ ಹಂಡೆಗೆ ಜೀವ ಇಲ್ಲ, ವಾಲ್ವ್‌ಗೆ ಇದೆ. 1990ರ ದಶಕದಲ್ಲಿ ಕಾಯಿಲೆ ಆಗಷ್ಟೇ ಶುರುವಾಗಿದ್ದ ವಾಲ್ವ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಕೊಬ್ಬು ಇತ್ತು, ಉರಿಯೂತದ ಕಣಗಳಿದ್ದವು. ರಕ್ತನಾಳದ ಬ್ಲಾಕ್‌ನಲ್ಲಿ ಕಾಣುವಂಥದ್ದೇ. ವಾಲ್ವ್‌ನ ಎಸಳು ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುತ್ತದೆ. ಅದರ ಮೇಲ್ಪದರ ಎಲ್ಲಿ ನೊಂದಿದೆಯೋ ಅಲ್ಲಿ ಎಲ್‌ಡಿಎಲ್ ಎಂಬ ‘ಕೆಟ್ಟ ಕೊಲೆಸ್ಟ್ರಾಲ್’ ಕಣಗಳು ಒಳಗೆ ಸೇರಿ, ಆಕ್ಸಿಡೀಕರಣವಾಗಿ ಕೆಡುತ್ತವೆ. ಉರಿಯೂತ ಶುರುವಾಗುತ್ತದೆ. ಕೊನೆಗೆ ವಾಲ್ವ್‌ನ ಜೀವಕೋಶಗಳೇ ಮೂಳೆ ಕಟ್ಟುವ ಕೋಶಗಳ ಹಾಗೆ ಕೆಲಸ ಮಾಡತೊಡಗುತ್ತವೆ. ಅದಕ್ಕೇ ಹಾಲು, ಮೊಸರು ಬಿಟ್ಟರೆ ಈ ಸುಣ್ಣ ಕರಗುವುದಿಲ್ಲ. ನಮ್ಮ ಅಮ್ಮ ಪಾಪ, ಎರಡು ವರ್ಷ ಮಜ್ಜಿಗೆಯನ್ನೂ ಮುಟ್ಟಿರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗ. ಎಲ್‌ಡಿಎಲ್‌ಗೆ ಒಂದು ಹತ್ತಿರದ ಸಂಬಂಧಿ ಇದೆ, ಲೈಪೊಪ್ರೋಟೀನ್-ಎ. ಲ್ಯಾಬ್‌ನಲ್ಲಿ ನಾವು ‘ಎಲ್‌ಪಿ ಲಿಟಲ್ ಎ’ ಅನ್ನುತ್ತೇವೆ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಇದನ್ನು ಕಂಡುಹಿಡಿದರು. ಎಲ್‌ಡಿಎಲ್ ಕಣಕ್ಕೆ ಬಾಲದ ಹಾಗೆ ಇನ್ನೊಂದು ಪ್ರೋಟೀನ್ ಅಂಟಿಕೊಂಡಿರುತ್ತದೆ. ಆಕ್ಸಿಡೀಕರಣವಾಗಿ ಕೆಟ್ಟುಹೋದ ಫಾಸ್ಫೋಲಿಪಿಡ್ ಎಂಬ ಕೊಬ್ಬುಗಳನ್ನು ರಕ್ತದಲ್ಲಿ ಹೊತ್ತು ತಿರುಗುವುದರಲ್ಲಿ ಇದೇ ಮುಂದು. ಅವು ವಾಲ್ವ್ ಒಳಗೆ ಸೇರಿದರೆ ಉರಿಯೂತವೂ ಜಾಸ್ತಿ, ಮೂಳೆ ಕಟ್ಟುವ ಕೆಲಸವೂ ಜೋರು. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಈ ಕಣವನ್ನು ಹೆಚ್ಚಿಸುವ ಜೀನ್ ಇರುವವರಲ್ಲಿ ವಾಲ್ವ್‌ಗೆ ಕ್ಯಾಲ್ಸಿಯಂ ಕಟ್ಟುವುದೂ ಹೆಚ್ಚು ಎಂದು ತೋರಿಸಿತು. ಹುಟ್ಟಿನಿಂದಲೇ ಬರುವ ಜೀನ್‌ ಕಡೆಯಿಂದ ಈ ನಂಟು ಸಿಕ್ಕಿದ್ದರಿಂದ, ಇದು ಕಾಯಿಲೆಯ ಕಾರಣಗಳಲ್ಲೇ ಒಂದು ಎಂಬ ಮಾತಿಗೆ ಬಲ ಬಂತು.

ಸಾಮಾನ್ಯ ಲಿಪಿಡ್ ಪ್ರೊಫೈಲ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಇದು ಜಾಸ್ತಿ ಇರುತ್ತದೆ. ಡೆಸಿಲೀಟರ್‌ಗೆ 50 ಮಿಲಿಗ್ರಾಂ ದಾಟಿದರೆ ಹೆಚ್ಚು ಅಂತ ಲೆಕ್ಕ. ಅಮ್ಮನದು 96 ಇತ್ತು. ಆ ಪರೀಕ್ಷೆ ಮಾಡಿದ್ದು ನಾನೇ. ‘ತುಪ್ಪ ತಿಂದೇ ಹೀಗಾಯ್ತು’ ಅಂತ ಅವರು ಅಷ್ಟು ದಿನ ಕೊರಗಿದ್ದರು. ಈ ಮಟ್ಟವನ್ನು ಹೆಚ್ಚಿನಂಶ ನಿರ್ಧರಿಸುವುದು ಹುಟ್ಟು, ಊಟವಲ್ಲ. ಅದನ್ನು ಹೇಳಿದ ದಿನ ಅವರ ಮುಖ ಎಷ್ಟು ಹಗುರಾಯಿತು ಅಂದರೆ, ಇದನ್ನು ಮೊದಲೇ ಪರೀಕ್ಷೆ ಮಾಡಬೇಕಿತ್ತು ಅನಿಸಿತು.

ಇನ್ನು ಸ್ಟ್ಯಾಟಿನ್. ವಾಲ್ವ್‌ನಲ್ಲಿ ಕೊಬ್ಬು ಇದ್ದರೆ ಕೊಬ್ಬು ಇಳಿಸಿದರಾಯಿತು ಎಂದು ಎಲ್ಲರಿಗೂ ಆಸೆ ಇತ್ತು. 2005ರ ಸಾಲ್ಟೈರ್, 2008ರ ಸೀಸ್, 2010ರ ಆಸ್ಟ್ರೋನೋಮರ್ ಪ್ರಯೋಗಗಳು ಇದನ್ನೇ ಪರೀಕ್ಷಿಸಿದವು. ಎಲ್‌ಡಿಎಲ್ ಚೆನ್ನಾಗಿ ಇಳಿಯಿತು, ವಾಲ್ವ್ ಕಿರಿದಾಗುವುದು ಮಾತ್ರ ನಿಲ್ಲಲಿಲ್ಲ. ಒಮ್ಮೆ ಕ್ಯಾಲ್ಸಿಯಂ ಕಟ್ಟಲು ಶುರುವಾದರೆ ಅದು ತನ್ನ ಪಾಡಿಗೆ ಬೆಳೆಯುತ್ತದೆ. ಜೊತೆಗೆ ಸ್ಟ್ಯಾಟಿನ್‌ನಿಂದ ಎಲ್‌ಪಿ ಲಿಟಲ್ ಎ ಇಳಿಯುವುದೂ ಇಲ್ಲ. ಹಾಗಂತ ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಸೀಸ್ ಪ್ರಯೋಗದಲ್ಲೇ ರಕ್ತನಾಳದ ಬ್ಲಾಕ್‌ನಿಂದಾಗುವ ತೊಂದರೆಗಳು ಕಡಿಮೆಯಾಗಿದ್ದವು. ಮಾತ್ರೆ ಕಾಯುವುದು ರಕ್ತನಾಳವನ್ನು.

ವಾಲ್ವ್ ತೀರಾ ಕಿರಿದಾದಾಗ ಬದಲಿಸುವುದೇ ದಾರಿ. ಎದೆ ತೆರೆದು ಮಾಡಬಹುದು, ಇಲ್ಲವೇ ತೊಡೆಯ ರಕ್ತನಾಳದ ಮೂಲಕ ಹೊಸ ವಾಲ್ವ್ ಕೂರಿಸುವ ‘ಟಾವಿ’ ಮಾಡಬಹುದು. ಅಲ್ಲಿಯವರೆಗೆ ಡಾಕ್ಟರು ಹೇಳಿದ ಸಮಯಕ್ಕೆ ಎಕೋ ತಪ್ಪಿಸಬೇಡಿ. ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ, ತಲೆ ಸುತ್ತಿ ಬಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಲೇಬೇಡಿ. ಅಮ್ಮ ದೇವಸ್ಥಾನದ ಮೆಟ್ಟಿಲಲ್ಲಿ ಕುಸಿದು ಕೂತದ್ದನ್ನು ನಾವು ಬಿಸಿಲಿಗೆ ಅಂದುಕೊಂಡಿದ್ದೆವು.

ಎಲ್‌ಪಿ ಲಿಟಲ್ ಎ ಪರೀಕ್ಷೆ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಮಾನ್ಯವಾಗಿ ಸಾಕು, ಖಾಲಿ ಹೊಟ್ಟೆಯೂ ಬೇಕಿಲ್ಲ. ತಂದೆಗೆ ಜಾಸ್ತಿ ಬಂದರೆ ನೀವೂ, ನಿಮ್ಮ ಒಡಹುಟ್ಟಿದವರೂ ಮಾಡಿಸಿ. ಚೀಟಿಯಲ್ಲಿ ಪರೀಕ್ಷೆಯ ಹೆಸರನ್ನು ಒಮ್ಮೆ ಓದಿ ನೋಡಿ. ಅಪೋ ಎ-1 ಅನ್ನುವುದು ಬೇರೆಯದೇ, ಅದು ಒಳ್ಳೆ ಕೊಲೆಸ್ಟ್ರಾಲ್‌ಗೆ ಸೇರಿದ್ದು. ಎರಡನ್ನೂ ಗೊಂದಲ ಮಾಡಿಕೊಂಡು ಬರುವ ಚೀಟಿಗಳನ್ನು ನಾನು ನೋಡುತ್ತಲೇ ಇರುತ್ತೇನೆ.