ಫಿನ್ಲೆಂಡಿನ ಮೊದಲ ಬೇಸಿಗೆ: ಕಾಡಿನ ಹಣ್ಣು, ಮನೆಯೊಳಗಿನ ಸೆಖೆ

ನಮಸ್ಕಾರ. ಮಾರ್ಚ್ ತಿಂಗಳಲ್ಲಿ ಹೆಲ್ಸಿಂಕಿಗೆ ಬಂದು ನೆಲೆಸಿದ ನೀವು ಮೂರು ವಿಷಯ ಕೇಳಿದ್ದೀರಿ: ಮಕ್ಕಳ ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿಬರುವುದಾದರೆ ಯಾವಾಗ ಹೋಗಬೇಕು, ಕಾಡಿನಲ್ಲಿ ಬ್ಲೂಬೆರಿ ಕೀಳಲು ನಮ್ಮಂಥವರಿಗೂ ಅವಕಾಶವಿದೆಯೇ, ಮತ್ತು ಈ ಚಳಿಯ ದೇಶದಲ್ಲಿ ಸೆಖೆಯ ಬಗ್ಗೆ ಜನ ಇಷ್ಟೊಂದು ಮಾತಾಡುವುದೇಕೆ. ಜುಲೈನಲ್ಲಿ ನಿಮ್ಮ ತಂದೆತಾಯಿಯನ್ನು ಕರೆಸಿಕೊಳ್ಳುವ ಯೋಚನೆಯಿದೆ ಎಂದೂ ಬರೆದಿದ್ದೀರಿ. ಬಹಳ ವರ್ಷಗಳಿಂದ ಇಲ್ಲಿ ಸಂಸಾರ ಹೂಡಿರುವವನಾಗಿ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಊರಿಗೆ ಹೋಗುವುದಿದ್ದರೆ ಜೂನ್ ಆರಂಭದಲ್ಲಿ ಶಾಲೆ ಮುಗಿದ ಕೂಡಲೇ ಹೊರಟು ಜುಲೈ ಮೊದಲ ವಾರದೊಳಗೆ ಮರಳಿ ಬನ್ನಿ. ಹಾಗೆ ಮಾಡಿದರೆ ಜೂನ್ ಕೊನೆಯ ಭಾಗದಲ್ಲಿ ಬರುವ ಯುಹಾನ್ನುಸ್ ಎಂಬ ನಡುಬೇಸಿಗೆಯ ಹಬ್ಬ ತಪ್ಪಿಹೋಗುತ್ತದೆ ನಿಜ, ಆದರೆ ಆ ಹಬ್ಬದಲ್ಲಿ ಇಲ್ಲಿಯವರು ಸರೋವರದ ದಡದ ತಮ್ಮ ಬೇಸಿಗೆಮನೆಗಳಿಗೆ ಹೊರಟುಹೋಗಿ ನಗರವೇ ಖಾಲಿಯಾಗುವುದರಿಂದ, ಅಂಥ ಮನೆಯಾಗಲಿ ಕರೆಯುವ ಸ್ನೇಹಿತರಾಗಲಿ ಇನ್ನೂ ಇಲ್ಲದ ಕುಟುಂಬಕ್ಕೆ ಹೆಚ್ಚಿನ ನಷ್ಟವಿಲ್ಲ. ಜುಲೈ ಮಧ್ಯದಿಂದ ಆಗಸ್ಟ್‌ವರೆಗಿನ ವಾರಗಳನ್ನು ಮಾತ್ರ ಬಿಟ್ಟುಕೊಡಬೇಡಿ. ಜುಲೈನಲ್ಲಿ ಕಚೇರಿಗಳೆಲ್ಲ ಅರೆನಿದ್ರೆಯಲ್ಲಿರುತ್ತವೆ. ಇಮೇಲ್‌ಗೆ ಉತ್ತರ ಬಾರದಿದ್ದರೆ ಬೇಸರಪಡಬೇಡಿ, ತುರ್ತಲ್ಲದ ಕೆಲಸವನ್ನು ಆಗಸ್ಟ್‌ಗೆ ಮುಂದೂಡಿ. ಮಕ್ಕಳನ್ನು ಹೆಲ್ಸಿಂಕಿಯ ಆಟದ ಉದ್ಯಾನಗಳಿಗೆ ಕರೆದೊಯ್ಯಿರಿ. ಯುದ್ಧಕಾಲದಲ್ಲಿ, 1942ರಲ್ಲಿ ಆರಂಭವಾದ ಪದ್ಧತಿಯಂತೆ ಅಲ್ಲಿ ಇಂದಿಗೂ ಬೇಸಿಗೆಯ ಕೆಲಸದ ದಿನಗಳಲ್ಲಿ 16 ವರ್ಷದೊಳಗಿನ ಮಕ್ಕಳಿಗೆ ಮಧ್ಯಾಹ್ನ ಬಿಸಿ ಊಟ ಬಡಿಸುತ್ತಾರೆ. ಬಟ್ಟಲು, ಚಮಚ ಮನೆಯಿಂದ ಒಯ್ಯಬೇಕು, ಅಷ್ಟೇ.

ಇನ್ನು ಕಾಡಿನ ವಿಷಯ. ಇಲ್ಲಿ ಕಾಡು ಸರ್ಕಾರದ್ದಿರಲಿ, ಖಾಸಗಿಯವರದ್ದಿರಲಿ, ಅದರೊಳಗೆ ನಡೆದಾಡಲು, ಕಾಡುಹಣ್ಣು ಮತ್ತು ಅಣಬೆ ಕೀಳಲು ಎಲ್ಲರಿಗೂ ಹಕ್ಕಿದೆ. ಪೌರತ್ವ ಬೇಕಿಲ್ಲ, ಪರವಾನಗಿ ಬೇಕಿಲ್ಲ, ಮಾಲೀಕರನ್ನು ಕೇಳಬೇಕಿಲ್ಲ; ಕಿತ್ತ ಹಣ್ಣನ್ನು ಮಾರಿದರೂ ಆ ಆದಾಯಕ್ಕೆ ತೆರಿಗೆಯಿಲ್ಲ. ಬೇರೆಯವರ ಮನೆಯಂಗಳಕ್ಕೆ ಹೋಗಬಾರದು, ಬೆಳೆ ಇರುವ ಹೊಲ ತುಳಿಯಬಾರದು, ಮರದ ಕೊಂಬೆ ಮುರಿಯಬಾರದು, ಪಾಚಿ ಕೀಳಬಾರದು, ಅನುಮತಿಯಿಲ್ಲದೆ ಬೆಂಕಿ ಹಾಕಬಾರದು. ಕಾಡ್ಗಿಚ್ಚಿನ ಎಚ್ಚರಿಕೆ ಜಾರಿಯಲ್ಲಿದ್ದಾಗಲಂತೂ ಬೆಂಕಿಯ ಯೋಚನೆಯೇ ಬೇಡ. ಯಾರಾದರೂ ಗದರಿಸಿದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಈ ನಿಯಮಗಳೊಳಗೆ ಇರುವವರೆಗೆ ಗದರಿಸುವ ಅಧಿಕಾರ ಯಾರಿಗೂ ಇಲ್ಲ. ಈ ದೇಶ ಹೊಸಬನಿಗೆ ಬಂದ ದಿನದಿಂದಲೇ ಯಾವ ಅರ್ಜಿಯೂ ಇಲ್ಲದೆ ಕೊಡುವ ಸಮಾನತೆ ಇದು. ಭಾಷೆ ಬಾರದ, ಪರಿಚಯದವರಿಲ್ಲದ ಮೊದಲ ವರ್ಷದಲ್ಲಿ ಇದರಷ್ಟು ಧೈರ್ಯ ಕೊಡುವ ಸಂಗತಿ ಮತ್ತೊಂದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ದಕ್ಷಿಣ ಭಾಗದಲ್ಲಿ ಕಾಡಿನ ಬ್ಲೂಬೆರಿಯ ಕಾಲ ಜುಲೈ ಮಧ್ಯದಲ್ಲಿ ಆರಂಭವಾಗಿ ಆಗಸ್ಟ್ ಕೊನೆಯವರೆಗೆ ಇರುತ್ತದೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ದಪ್ಪ ಬ್ಲೂಬೆರಿ ಬೇರೆ, ಇದು ಬೇರೆ. ಅಂಗಡಿಯದರ ಒಳತಿರುಳು ಬೆಳ್ಳಗಿರುತ್ತದೆ. ಕಾಡಿನದು ಚಿಕ್ಕದಾದರೂ ಒಳಗೂ ಕಡುನೇರಳೆ ಬಣ್ಣವಿದ್ದು, ತಿಂದ ಮಕ್ಕಳ ನಾಲಿಗೆ ನಮ್ಮೂರಿನ ನೇರಳೆಹಣ್ಣು ತಿಂದಂತೆಯೇ ಆಗುತ್ತದೆ. ಗಿಡ ಮೊಣಕಾಲಿಗಿಂತ ಗಿಡ್ಡ. ಹಣ್ಣು ಗೊಂಚಲಾಗಿ ಬಿಡದೆ ಎಲೆಯ ಅಡಿಯಲ್ಲಿ ಒಂದೊಂದಾಗಿ ತೂಗುವುದರಿಂದ, ನಿಂತು ನೋಡಿದರೆ ಏನೂ ಇಲ್ಲವೆನಿಸುವ ಜಾಗದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕೊಂಬೆಯನ್ನು ಸ್ವಲ್ಪ ಎತ್ತಿದರೆ ಸಾಲುಸಾಲಾಗಿ ಕಾಣುತ್ತದೆ. ಸ್ಪ್ರೂಸ್ ಮರಗಳ ನಡುವೆ ಬಿಸಿಲು ಚದುರಿ ಬೀಳುವ ಕಡೆ ಹುಡುಕಿ. ಮೇ–ಜೂನ್‌ನಲ್ಲಿ ಹೂ ಬಿಟ್ಟಾಗ ಇಬ್ಬನಿ ಹೆಪ್ಪುಗಟ್ಟಿದರೆ ಅಥವಾ ದುಂಬಿಗಳ ಓಡಾಟ ಕಡಿಮೆಯಾದರೆ ಫಸಲು ಕುಗ್ಗುತ್ತದೆ. ಹೀಗಾಗಿ ಹೋದ ವರ್ಷ ತುಂಬಿದ್ದ ಜಾಗ ಈ ವರ್ಷ ಬರಿದಾಗಿರಬಹುದು. ನಿಮಗೆ ಹತ್ತಿರವಾದ ನೂಕ್ಸಿಯೊ ಮತ್ತು ಸಿಪೊನ್‌ಕೊರ್ಪಿ ರಾಷ್ಟ್ರೀಯ ಉದ್ಯಾನಗಳಲ್ಲೂ ಹಣ್ಣು ಕೀಳಲು ಅನುಮತಿಯಿದೆ.

ತುದಿಯಲ್ಲಿ ಸಾಲು ಹಲ್ಲುಗಳಿರುವ, ಹಿಡಿಕೆಯುಳ್ಳ ಡಬ್ಬಿಯೊಂದು ಅಂಗಡಿಗಳಲ್ಲಿ ಸಿಗುತ್ತದೆ. ಅದರಿಂದ ಗೀರಿದರೆ ಹಣ್ಣು ಬೇಗ ತುಂಬುತ್ತದೆ, ಜೊತೆಗೆ ಎಲೆ ಕಡ್ಡಿಯೂ ಬರುತ್ತದೆ. ಮಕ್ಕಳಿದ್ದರೆ ಕೈಯಿಂದಲೇ ಕೀಳಿ. ಒಂದು ಎಚ್ಚರಿಕೆಯನ್ನು ಮೊದಲ ದಿನವೇ ಅವರಿಗೆ ಕಲಿಸಿಬಿಡಿ: ನೇರವಾದ ದಂಟಿನ ಮೇಲೆ ನಾಲ್ಕು ಎಲೆಗಳು ಹರಡಿ, ಅವುಗಳ ನಟ್ಟನಡುವೆ ಒಂದೇ ಒಂದು ನೀಲಿಗಪ್ಪು ಹಣ್ಣು ಕುಳಿತಿದ್ದರೆ ಅದು ವಿಷದ ಗಿಡ, ಮುಟ್ಟಬಾರದು. ರಬ್ಬರ್ ಬೂಟು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಸೊಳ್ಳೆಗಿಂತ ರಕ್ತ ಹೀರುವ ಉಣ್ಣಿ ಹುಳುವಿನ ಬಗ್ಗೆ ಹೆಚ್ಚು ಜಾಗರೂಕರಾಗಿರಿ. ಮನೆಗೆ ಬಂದ ಮೇಲೆ ಮೊಣಕಾಲಿನ ಹಿಂಭಾಗ, ಕಂಕುಳು, ಕಿವಿಯ ಹಿಂದೆ ನೋಡಿ, ಕಚ್ಚಿಕೊಂಡಿದ್ದರೆ ಚಿಮಟದಿಂದ ಬುಡದಲ್ಲೇ ಹಿಡಿದು ಕೀಳಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ವೃತ್ತ ಹಿಗ್ಗುತ್ತ ಹೋದರೆ ವೈದ್ಯರನ್ನು ಕಾಣಲೇಬೇಕು, ಏಕೆಂದರೆ ಅದು ಬೊರೆಲಿಯಾ ಎಂಬ ಬ್ಯಾಕ್ಟೀರಿಯಾ ಸೋಂಕಿನ ಗುರುತು. ಉಣ್ಣಿಯಿಂದ ಹರಡುವ ಮಿದುಳುಜ್ವರಕ್ಕೆ ಲಸಿಕೆಯಿದ್ದು, ಕರಾವಳಿ ಮತ್ತು ದ್ವೀಪಗಳ ಕಡೆ ತಿರುಗುವವರು ಬೇಸಿಗೆಗೆ ಮುಂಚೆಯೇ ಅದನ್ನು ಆರಂಭಿಸುವುದು ಒಳ್ಳೆಯದು. ಇಲ್ಲಿಯ ಕಾಡು ಎಲ್ಲ ಕಡೆಗೂ ಒಂದೇ ರೀತಿ ಕಾಣುವುದರಿಂದ, ತಲೆ ಬಗ್ಗಿಸಿ ಹಣ್ಣು ಕೀಳುತ್ತ ದಾರಿ ತಪ್ಪುವುದು ಬಹಳ ಸುಲಭ. ಫೋನಿನಲ್ಲಿ 112 ತುರ್ತು ಸೇವೆಯ ಆ್ಯಪ್ ಇಟ್ಟುಕೊಳ್ಳಿ. ಅದರಿಂದ ಕರೆ ಮಾಡಿದರೆ ನೀವಿರುವ ಜಾಗ ಅವರಿಗೆ ತಿಳಿಯುತ್ತದೆ.

ತಂದ ಹಣ್ಣನ್ನು ಅಂದೇ ಮೊರದಲ್ಲಿ ಕೇರಿ, ಎಲೆ ತೆಗೆದು ಫ್ರೀಜರಿನಲ್ಲಿಡಿ. ಹೊರಗೆ ಬಹಳ ದಿನ ನಿಲ್ಲುವುದಿಲ್ಲ. ಚಳಿಗಾಲದ ಬೆಳಗ್ಗೆ ಗಟ್ಟಿ ಮೊಸರಿಗೆ ಬೆರೆಸಿಕೊಂಡು ತಿನ್ನಬಹುದು. ಸೆಪ್ಟೆಂಬರ್‌ನಲ್ಲಿ ಇದೇ ಕಾಡುಗಳಲ್ಲಿ ಕೆಂಪು ಲಿಂಗನ್‌ಬೆರಿ ಹಣ್ಣಾಗುತ್ತದೆ. ಅದರಲ್ಲಿ ಸಹಜವಾಗಿಯೇ ಬೆಂಜೋಯಿಕ್ ಆಮ್ಲವಿರುವುದರಿಂದ ಬೇಗ ಕೆಡುವುದಿಲ್ಲ, ಮತ್ತು ಅದರ ಹುಳಿ ಬೆಲ್ಲ, ಒಣಮೆಣಸು ಹಾಕಿದ ಗೊಜ್ಜಿಗೆ ಹೇಳಿ ಮಾಡಿಸಿದಂತಿದೆ.

ಈಗ ಸೆಖೆ. ಇಲ್ಲಿಯ ಹವಾಮಾನ ಇಲಾಖೆ 25 ಡಿಗ್ರಿ ದಾಟಿದ ದಿನವನ್ನು ಬಿಸಿಯ ದಿನವೆಂದು ಲೆಕ್ಕ ಹಾಕುತ್ತದೆ. ಕಲಬುರಗಿಯ ಮೇ ತಿಂಗಳನ್ನು ಕಂಡ ನಿಮಗೆ ಇದು ವಿಚಿತ್ರವೆನಿಸಬಹುದು, ಆದರೂ ಹಗುರವಾಗಿ ತೆಗೆದುಕೊಳ್ಳಬೇಡಿ. 2010ರ ಜುಲೈನಲ್ಲಿ ಯೊಯೆನ್ಸೂ ವಿಮಾನ ನಿಲ್ದಾಣದಲ್ಲಿ 37.2 ಡಿಗ್ರಿ ದಾಖಲಾಗಿತ್ತು. 2025ರಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಆರಂಭದವರೆಗೆ ಸತತ 22 ದಿನ ದೇಶದ ಒಂದಲ್ಲ ಒಂದು ಕಡೆ ತಾಪಮಾನ 30 ಡಿಗ್ರಿ ದಾಟಿತು. ಮನೆಗಳನ್ನು ಕಟ್ಟಿರುವುದೇ ಬಿಸಿಯನ್ನು ಹಿಡಿದಿಡಲು. ಮೂರು ಪದರ ಗಾಜಿನ ಕಿಟಕಿ, ದಪ್ಪ ಗೋಡೆ. ಚಾವಣಿಯಲ್ಲಿ ಫ್ಯಾನಿಲ್ಲ, ಬಹುಪಾಲು ಹಳೆಯ ಫ್ಲ್ಯಾಟ್‌ಗಳಲ್ಲಿ ಎಸಿಯಿಲ್ಲ. ಹೆಲ್ಸಿಂಕಿಯಲ್ಲಿ ಜೂನ್ ಕೊನೆಯಲ್ಲಿ ಸೂರ್ಯ ರಾತ್ರಿ 10.50ರ ಸುಮಾರಿಗೆ ಮುಳುಗಿ ಬೆಳಗಿನ 4ಕ್ಕೆ ಮುನ್ನವೇ ಹುಟ್ಟುತ್ತಾನೆ, ಮತ್ತು ಸಂಜೆಯ ಓರೆಬಿಸಿಲು ಪಶ್ಚಿಮದ ಕಿಟಕಿಗಳಿಂದ ಗಂಟೆಗಟ್ಟಲೆ ಕೋಣೆಯ ಗೋಡೆಯವರೆಗೂ ಬೀಳುತ್ತದೆ. ನಾಲ್ಕೈದು ದಿನ ಹೀಗೆ ಕಾದ ಮನೆ, ಹೊರಗೆ ತಂಪಾದ ಮೇಲೂ ಬೇಗ ಆರುವುದಿಲ್ಲ.

ಆದ್ದರಿಂದ ಟೇಬಲ್ ಫ್ಯಾನನ್ನು ಮೇ ತಿಂಗಳಲ್ಲೇ ಕೊಳ್ಳಿ. ಬಿಸಿಯ ಮೊದಲ ವಾರದಲ್ಲೇ ಅಂಗಡಿಗಳಲ್ಲಿ ಮುಗಿದುಹೋಗುತ್ತವೆ. ಬೆಳಗ್ಗೆ ಬಿಸಿಲು ಬೀಳುವ ಮುನ್ನವೇ ಆ ಬದಿಯ ಕಿಟಕಿ ಮುಚ್ಚಿ ಗಾಜುಗಳ ನಡುವಿನ ಪಟ್ಟಿಪರದೆಯನ್ನು ಇಳಿಸಿ, ರಾತ್ರಿ ಎದುರುಬದುರು ಕಿಟಕಿಗಳನ್ನು ತೆರೆದು ಗಾಳಿ ಹಾಯುವಂತೆ ಮಾಡಿ. ಮಧ್ಯಾಹ್ನ ಗ್ರಂಥಾಲಯಕ್ಕೆ ಹೋಗಿ. ನಗರದ ನಡುವಿನ ‘ಓಡಿ’ ಎಂಬ ಗ್ರಂಥಾಲಯದಲ್ಲಿ ಇಡೀ ದಿನ ಕುಳಿತರೂ ಯಾರೂ ಏನೂ ಕೇಳುವುದಿಲ್ಲ. ಸಮುದ್ರದಲ್ಲೋ ಸರೋವರದಲ್ಲೋ ಈಜುವುದು ಇಲ್ಲಿಯವರ ಮುಖ್ಯ ಉಪಾಯ, ಆದರೆ ಜುಲೈ–ಆಗಸ್ಟ್‌ನಲ್ಲಿ ನೀರಿನ ಮೇಲೆ ಬಟಾಣಿಸೊಪ್ಪಿನ ಬಣ್ಣದ ಕೆನೆ ಕಟ್ಟಿದ್ದರೆ ಅದು ವಿಷಕಾರಿಯಾಗಬಲ್ಲ ನೀಲಿಹಸಿರು ಪಾಚಿ. ಅಂದು ಮಕ್ಕಳನ್ನು ನೀರಿಗಿಳಿಸಬೇಡಿ.

ನಿಮ್ಮ ತಂದೆತಾಯಿ ಜುಲೈನಲ್ಲಿ ಬರುವುದು ಒಳ್ಳೆಯ ನಿರ್ಧಾರ. ಊರಿನಲ್ಲಿ ಆಗ ಮಳೆಗಾಲ, ಇಲ್ಲಿ ಅವರು ಜಾಕೆಟ್ಟಿಲ್ಲದೆ ತಿರುಗಾಡಬಹುದಾದ ಕಾಲ. ಪಶ್ಚಿಮಕ್ಕೆ ಮುಖ ಮಾಡಿದ ಕೋಣೆಯನ್ನು ಮಾತ್ರ ಅವರಿಗೆ ಕೊಡಬೇಡಿ. ಬೆಳಕು ತಡೆಯುವ ದಪ್ಪ ಪರದೆ ಹಾಕಿಸಿ. ಇಲ್ಲದಿದ್ದರೆ ರಾತ್ರಿ ಹತ್ತರ ಬಿಸಿಲಿಗೆ ನಿದ್ದೆ ಹತ್ತುವುದಿಲ್ಲ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಾದರೆ ಬಿಸಿಯ ದಿನಗಳಲ್ಲಿ ನೀರು ಎಷ್ಟು ಕುಡಿಯಬೇಕು, ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಹೊರಡುವ ಮುನ್ನ ಅವರ ವೈದ್ಯರನ್ನೇ ಕೇಳಿಸಿ. ಕಾಡಿಗೆ ಅವರನ್ನೂ ಕರೆದೊಯ್ಯಿರಿ, ಬೆನ್ನು ಬಗ್ಗಿಸಲಾಗದಿದ್ದರೆ ಒಂದು ಮಡಚುವ ಸ್ಟೂಲು ಜೊತೆಗಿರಲಿ. ಗಿಡಗಳ ಪಕ್ಕದಲ್ಲಿ ಕುಳಿತೇ ಹಣ್ಣು ಕೀಳಬಹುದು.